ಹಾಲು ಗರಣೆಗಟ್ಟಿಸುವ ಶಿಲೀಂಧ್ರ ಕಿಣ್ವಗಳು

ಚೀಸ್ ತಯಾರಿಕೆಯಲ್ಲಿ ಹಾಲನ್ನು ಗರಣೆಗಟ್ಟಿಸಲು ಬಳಸುವ, ಬೂಸ್ಟು ಜಾತಿಯ ಶಿಲೀಂಧ್ರಗಳಿಂದ ಪಡೆದ ಪ್ರೋಟೀನ್ ವಿಭಜಕ ಕಿಣ್ವಗಳು. ವ್ಯಾಪಾರದಲ್ಲಿ ಇವು ಮೈಕ್ರೋಬಿಯಲ್ ರೆನೆಟ್, ವೆಜಿಟೇರಿಯನ್ ರೆನೆಟ್ ಎಂಬ ಹೆಸರುಗಳಲ್ಲಿ ಸಿಗುತ್ತವೆ. ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಸಾಂಪ್ರದಾಯಿಕ ರೆನೆಟ್ಟಿಗೆ ಬದಲಿಯಾಗಿ 1960ರ ದಶಕದಲ್ಲಿ ಬಳಕೆಗೆ ಬಂದವು. ರೈಜೋಮ್ಯೂಕರ್ ಮೀಹೈ, ರೈಜೋಮ್ಯೂಕರ್ ಪುಸಿಲಸ್ ಮತ್ತು ಕ್ರೈಫೊನೆಕ್ಟ್ರಿಯಾ ಪ್ಯಾರಸಿಟಿಕಾ ಎಂಬ ಮೂರು ಶಿಲೀಂಧ್ರಗಳು ಇವುಗಳ ಮುಖ್ಯ ಮೂಲ. ಹಾಲನ್ನು ಗಟ್ಟಿ ಮಾಡಬಲ್ಲ ಕಿಣ್ವಗಳಿಗೆ ಪ್ರಕೃತಿಯಲ್ಲಿ ಕೊರತೆಯಿಲ್ಲ. ಹಾಲಿನ ಪ್ರೋಟೀನನ್ನು ಒಂದು ಕಡೆ ಕತ್ತರಿಸಿ ಅಲ್ಲಿಗೆ ಕೈ ತಡೆಯುವ ಕಿಣ್ವಗಳು ಮಾತ್ರ ವಿರಳ. ಶಿಲೀಂಧ್ರ ಕಿಣ್ವಗಳ ಗುಣದೋಷಗಳನ್ನು ಅಳೆಯುವ ಮುಖ್ಯ ಕೋಲು ಈ ತಡೆಯೇ. ಅರ್ಧ ಶತಮಾನದ ಸಂಶೋಧನೆಯ ಬಹುಪಾಲು ಅದನ್ನು ಸಾಧಿಸುವ ಪ್ರಯತ್ನವೇ ಆಗಿದೆ.

ಹಾಲು ಗಟ್ಟಿಯಾಗುವ ಬಗೆಗಳು

ಹಾಲು ಗಟ್ಟಿಯಾಗುವುದಕ್ಕೆ ಹಲವು ದಾರಿಗಳಿವೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಮನೆಗಳಲ್ಲಿ ಅವುಗಳಲ್ಲಿ ಮೂರು ನಿತ್ಯ ಬಳಕೆಯವು. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ, ಪಿಎಚ್ 4.6ರ ಸುಮಾರಿಗೆ ಇಳಿದಾಗ ಕೇಸೀನ್ ಪ್ರೋಟೀನು ಕರಗಿರಲಾರದೆ ಮೊಸರಾಗುತ್ತದೆ. ಕಾದ ಹಾಲಿಗೆ ಲಿಂಬೆ ಹುಳಿ ಹಿಂಡಿದರೆ ಆಮ್ಲ ಮತ್ತು ಶಾಖ ಎರಡೂ ಕೂಡಿ ಹಾಲು ಒಡೆಯುತ್ತದೆ. ಪನೀರು ಹುಟ್ಟುವುದು ಹೀಗೆ. ಈದ ಎಮ್ಮೆ ಆಕಳುಗಳ ಮೊದಲ ದಿನಗಳ ಹಾಲಿನಲ್ಲಿ ರೋಗನಿರೋಧಕ ಪ್ರೋಟೀನುಗಳು ಹೇರಳವಾಗಿದ್ದು, ಬರೀ ಶಾಖಕ್ಕೇ ಅದು ಗಿಣ್ಣವಾಗುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಹೊರಗಿನ ಕಿಣ್ವ ಬೇಕಿಲ್ಲ.

ಚೀಸಿನ ದಾರಿ ನಾಲ್ಕನೆಯದು. ಇಲ್ಲಿ ಹಾಲು ಹುಳಿಯಾಗಿರಬೇಕಿಲ್ಲ, ಕುದಿಯಬೇಕಿಲ್ಲ. ಸುಮಾರು 30ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಕಿಣ್ವ ಬೆರೆಸಿ ಅಲುಗಾಡಿಸದೆ ಬಿಟ್ಟರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕತ್ತರಿಸಬಹುದಾದಷ್ಟು ಗಟ್ಟಿಯ ಗರಣೆ ಸಿಗುತ್ತದೆ. ಇದೇ ಕ್ರಿಯೆ ಬೇಸಿಗೆಯಲ್ಲಿ ಕೆಲವೊಮ್ಮೆ ಬೇಡದಿದ್ದರೂ ನಡೆಯುತ್ತದೆ. ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಗಳ ಬೀಜಾಣುಗಳು ಕಾಯಿಸಿದರೂ ಸಾಯುವುದಿಲ್ಲ. ಆಮೇಲೆ ಮೊಳೆತು ಅವು ಬಿಡುವ ಪ್ರೋಟೀನ್ ವಿಭಜಕ ಕಿಣ್ವಗಳಿಂದ, ನಾಲಗೆಗೆ ಹುಳಿ ತಾಗದಿದ್ದರೂ, ಹಾಲು ಗಡ್ಡೆಗಟ್ಟುತ್ತದೆ. ಇಂಥ ಹಾಲು ಸ್ವಲ್ಪ ಹೊತ್ತಿಗೆ ಕಹಿಯಾಗುವುದೂ ಉಂಟು. ಗಟ್ಟಿ ಮಾಡುವ ಕಿಣ್ವವೆಲ್ಲ ಚೀಸಿಗೆ ಒಗ್ಗದು ಎಂಬುದಕ್ಕೆ ಇದೇ ಸಾಕ್ಷಿ.

ಕ್ರಿಯೆಯ ವಿಧಾನ

ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಭಾಗ ಕೇಸೀನ್. ಅದು ಆಲ್ಫಾ, ಬೀಟಾ, ಕಪ್ಪಾ ಎಂಬ ಬಗೆಗಳ ಕೂಟವಾಗಿ, ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ, ಮಿಸೆಲ್ ಎಂಬ ಸೂಕ್ಷ್ಮ ಕಣಗಳ ರೂಪದಲ್ಲಿ ತೇಲುತ್ತಿರುತ್ತದೆ. ಕಣದ ಮೇಲ್ಮೈಯಲ್ಲಿ ಕಪ್ಪಾ-ಕೇಸೀನಿನ ತುದಿಗಳು ಗೋಧಿ ತೆನೆಯ ಸುಂಕಿನಂತೆ ಹೊರಚಾಚಿಕೊಂಡು, ಒಂದು ಕಣ ಇನ್ನೊಂದಕ್ಕೆ ಅಂಟದಂತೆ ಕಾಯುತ್ತವೆ. ಕಪ್ಪಾ-ಕೇಸೀನ್ 169 ಅಮೈನೊ ಆಮ್ಲಗಳ ಸರಪಳಿ. ಅದರ 105ನೆಯ ಫಿನೈಲ್ಅಲನಿನ್ ಮತ್ತು 106ನೆಯ ಮೆಥಿಯೊನಿನ್ ನಡುವಿನ ಬಂಧ ಬಹಳ ಸುಲಭವಾಗಿ ಕಡಿಯುತ್ತದೆ. ಕಿಣ್ವ ಅಲ್ಲಿ ಕತ್ತರಿಸಿದಾಗ 106ರಿಂದ 169ರವರೆಗಿನ ನೀರುಪ್ರಿಯ ತುಂಡು ಕಳಚಿ ವ್ಹೇ ಎನ್ನುವ ತಿಳಿನೀರಿಗೆ ಸೇರುತ್ತದೆ. ಉಳಿದ ಪ್ಯಾರಾ-ಕಪ್ಪಾ-ಕೇಸೀನ್ ಕಣದಲ್ಲೇ ಇರುತ್ತದೆ.

ಇದು ಮೊದಲ ಹಂತ. ಕಪ್ಪಾ-ಕೇಸೀನಿನ ಬಹುಪಾಲು ಹೀಗೆ ಕಡಿದ ಮೇಲೆ ಎರಡನೆಯ ಹಂತದಲ್ಲಿ ಬೋಳಾದ ಕಣಗಳು ಕ್ಯಾಲ್ಸಿಯಂ ಅಯಾನುಗಳ ನೆರವಿನಿಂದ ಒಂದಕ್ಕೊಂದು ಅಂಟಿ ಜಾಲವಾಗುತ್ತವೆ. ಕೊಬ್ಬಿನ ಹನಿಗಳೂ ನೀರೂ ಆ ಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡನೆಯ ಹಂತಕ್ಕೆ ಬಿಸುಪು ಬೇಕೇ ಬೇಕು. ತಣ್ಣನೆಯ ಹಾಲಿನಲ್ಲಿ ಕಿಣ್ವ ಬಂಧವನ್ನು ಕಡಿದರೂ ಗರಣೆ ಕಟ್ಟುವುದಿಲ್ಲ. ಚೆನ್ನಾಗಿ ಕುದಿಸಿದ ಹಾಲಿಗೂ ಈ ಕಿಣ್ವ ಒಗ್ಗದು. ಹೆಚ್ಚು ಶಾಖಕ್ಕೆ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ವ್ಹೇ ಪ್ರೋಟೀನು ಕಪ್ಪಾ-ಕೇಸೀನಿಗೆ ಅಂಟಿಕೊಳ್ಳುವುದರಿಂದ ಗರಣೆ ತಡವಾಗುತ್ತದೆ, ಸಡಿಲವಾಗುತ್ತದೆ. ಆದ್ದರಿಂದ ಚೀಸಿನ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ಪಾಶ್ಚರೀಕರಿಸುವುದಷ್ಟೇ ರೂಢಿ. ಗರಣೆಯ ಬಿಗಿ ಹೆಚ್ಚಲೆಂದು ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುವುದೂ ಉಂಟು.

ಇತಿಹಾಸ

ಕರುವಿನ ನಾಲ್ಕನೆಯ ಹೊಟ್ಟೆಯ ರಸದಲ್ಲಿರುವ ಮುಖ್ಯ ಕಿಣ್ವ ಕೈಮೋಸಿನ್. ಡೆನ್ಮಾರ್ಕಿನ ಕ್ರಿಶ್ಚಿಯನ್ ಹಾನ್ಸೆನ್ 1874ರಲ್ಲಿ ಇದನ್ನು ನಿಗದಿತ ಬಲದ ದ್ರವವಾಗಿ ಕೋಪನ್‌ಹೇಗನ್ನಿನಲ್ಲಿ ತಯಾರಿಸಿ ಮಾರತೊಡಗಿದ. ಇಪ್ಪತ್ತನೆಯ ಶತಮಾನದ ನಡುವೆ ಚೀಸಿನ ಬೇಡಿಕೆ ಏರಿತು. ಎಳೆಗರುಗಳನ್ನು ಕಡಿಯುವುದು ಕಡಿಮೆಯಾಗಿ ಹೊಟ್ಟೆಗಳ ಪೂರೈಕೆ ಕುಗ್ಗಿತು. ಬದಲಿ ಹುಡುಕಾಟ ಹಂದಿ, ಕೋಳಿಗಳ ಪೆಪ್ಸಿನ್ ಮತ್ತು ಗಿಡಗಳ ಹಾಲು ಇವುಗಳತ್ತ ಮಾತ್ರವಲ್ಲದೆ ಸೂಕ್ಷ್ಮಜೀವಿಗಳತ್ತಲೂ ತಿರುಗಿತು.

ಟೋಕಿಯೊ ವಿಶ್ವವಿದ್ಯಾಲಯದ ಕೇಯಿ ಅರಿಮಾ ಮತ್ತು ಸಂಗಡಿಗರು ಅನೇಕ ಸೂಕ್ಷ್ಮಜೀವಿಗಳನ್ನು ಸೋಸಿ ನೋಡಿ, ಪುಸಿಲಸ್ ಬೂಸ್ಟಿನ ಕಿಣ್ವ ಕರುವಿನದಕ್ಕೆ ಹತ್ತಿರವೆಂದು 1967ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಅಮೆರಿಕದಲ್ಲಿ ಜೆ. ಎಲ್. ಸಾರ್ಡಿನಾಸ್ ಪ್ಯಾರಸಿಟಿಕಾದ ಕಿಣ್ವವನ್ನು ವಿವರಿಸಿದರು. ಮೀಹೈ ಬೂಸ್ಟಿನ ಕಿಣ್ವವನ್ನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಒಟ್ಟೆಸೆನ್ ಮತ್ತು ರಿಕರ್ಟ್ 1970ರಲ್ಲಿ ಬೇರ್ಪಡಿಸಿದರು.

ಮೂರು ಮೂಲ ಶಿಲೀಂಧ್ರಗಳು

ರೈಜೋಮ್ಯೂಕರ್ ಪುಸಿಲಸನ್ನು ಲಿಂಟ್ ಎಂಬ ವಿಜ್ಞಾನಿ 1886ರಲ್ಲಿ ಮ್ಯೂಕರ್ ಪುಸಿಲಸ್ ಎಂಬ ಹೆಸರಿನಿಂದ ವರ್ಣಿಸಿದ. ರೈಜೋಮ್ಯೂಕರ್ ಮೀಹೈಯನ್ನು ಕೂನಿ ಮತ್ತು ಎಮರ್ಸನ್ 1964ರಲ್ಲಿ ವರ್ಣಿಸಿ, ಹುಲ್ಲಿನ ಬಣವೆ ತಾನೇ ಕಾಯುವುದನ್ನು ಅಧ್ಯಯನ ಮಾಡಿದ್ದ ಜರ್ಮನ್ ಸಸ್ಯವಿಜ್ಞಾನಿ ಹ್ಯೂಗೊ ಮೀಹೆಯ ನೆನಪಿಗೆ ಹೆಸರಿಟ್ಟರು. ಎರಡೂ ಶಾಖಪ್ರಿಯ ಬೂಸ್ಟುಗಳು. 50 ಡಿಗ್ರಿ ದಾಟಿದರೂ ಬೆಳೆಯಬಲ್ಲವು. 1978ರಲ್ಲಿ ಇವನ್ನು ಮ್ಯೂಕರ್ ಕುಲದಿಂದ ರೈಜೋಮ್ಯೂಕರ್ ಕುಲಕ್ಕೆ ಸೇರಿಸಲಾಯಿತು. ಹಳೆಯ ಬರಹಗಳಲ್ಲಿ ಮ್ಯೂಕರ್ ಎಂಬ ಹೆಸರೇ ಕಾಣುತ್ತದೆ. ಕ್ರೈಫೊನೆಕ್ಟ್ರಿಯಾ ಪ್ಯಾರಸಿಟಿಕಾ, ಹಿಂದಿನ ಹೆಸರಿನಲ್ಲಿ ಎಂಡೋಥಿಯಾ ಪ್ಯಾರಸಿಟಿಕಾ, ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ಒಣಗಿಸಿದ ರೋಗದ ಶಿಲೀಂಧ್ರ.

ರಚನೆ

ಮೂರೂ ಕಿಣ್ವಗಳು ಕೈಮೋಸಿನ್ ಮತ್ತು ಪೆಪ್ಸಿನುಗಳಂತೆ ಆಸ್ಪಾರ್ಟಿಕ್ ಪ್ರೋಟಿಯೇಸ್ ಬಳಗದವು. ಕಿಣ್ವದ ಅಣು ಎರಡು ಹೋಳುಗಳಾಗಿದ್ದು, ನಡುವೆ ಆಳವಾದ ಸೀಳು ಇರುತ್ತದೆ. ಸೀಳಿನ ತಳದಲ್ಲಿರುವ ಎರಡು ಆಸ್ಪಾರ್ಟಿಕ್ ಆಮ್ಲಗಳು ನೀರಿನ ಅಣುವನ್ನು ಬಳಸಿ ಪ್ರೋಟೀನ್ ಬಂಧವನ್ನು ಕಡಿಯುತ್ತವೆ. ಪೆಪ್‌ಸ್ಟಾಟಿನ್ ಎಂಬ ವಸ್ತು ಈ ಸೀಳಿನಲ್ಲಿ ಕೂತು ಇಡೀ ಬಳಗದ ಕೆಲಸವನ್ನು ತಡೆಯುತ್ತದೆ. ಕರುವಿನ ಕೈಮೋಸಿನ್ 323 ಅಮೈನೊ ಆಮ್ಲಗಳದ್ದು. ಮೀಹೈ ಮತ್ತು ಪುಸಿಲಸ್ ಕಿಣ್ವಗಳು ಅದಕ್ಕಿಂತ ಉದ್ದ. ಅವೆರಡೂ ಪರಸ್ಪರ ಬಹಳ ಹೋಲುತ್ತವೆ. ಮೀಹೈ ಕಿಣ್ವಕ್ಕೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿದ್ದು, ಅದರ ಗಟ್ಟಿತನಕ್ಕೆ ಅವೂ ಒಂದು ಕಾರಣ.

ಕೆಲಸದಲ್ಲಿ ಕಾಣುವ ಗುಣಗಳು

ನಿರ್ದಿಷ್ಟತೆ. ಗರಣೆಗಟ್ಟಿಸುವ ಬಲಕ್ಕೂ ಪ್ರೋಟೀನನ್ನು ಕಂಡಕಂಡಲ್ಲಿ ಕತ್ತರಿಸುವ ಬಲಕ್ಕೂ ಇರುವ ಅನುಪಾತವೇ ಈ ಕಿಣ್ವಗಳ ಮುಖ್ಯ ಅಳತೆ. ಅನುಪಾತ ದೊಡ್ಡದಿದ್ದಷ್ಟೂ ಕಿಣ್ವ ಮೇಲು. ಕೈಮೋಸಿನ್ನಿನಲ್ಲಿ ಅದು ಬಹಳ ಹೆಚ್ಚು. ಮೀಹೈ ಮತ್ತು ಪುಸಿಲಸ್ ಕಿಣ್ವಗಳು 105–106ರ ಬಂಧವನ್ನೇ ಮುಖ್ಯವಾಗಿ ಕಡಿದರೂ ಉಳಿದ ಕೇಸೀನನ್ನು ಕೈಮೋಸಿನ್ನಿಗಿಂತ ಹೆಚ್ಚು ಕೆದಕುತ್ತವೆ. ಪ್ಯಾರಸಿಟಿಕಾ ಕಿಣ್ವ ಪಕ್ಕದ 104–105ರ ಬಂಧವನ್ನು ಕಡಿಯುತ್ತದೆ. ಮೂರರಲ್ಲಿ ಹೆಚ್ಚು ಕೆದಕುವುದೂ ಅದೇ. ಹೀಗೆ ಕೆದಕಿದಾಗ ಎರಡು ನಷ್ಟಗಳಿವೆ. ಪ್ರೋಟೀನಿನ ಚೂರುಗಳು ವ್ಹೇ ಜೊತೆ ಹರಿದುಹೋಗಿ ಚೀಸಿನ ಇಳುವರಿ ತಗ್ಗುತ್ತದೆ. ಗರಣೆಯಲ್ಲಿ ಉಳಿದ ಕಿಣ್ವ ತಿಂಗಳುಗಟ್ಟಲೆ ಕೆಲಸ ಮಾಡುವುದರಿಂದ, ಮುಖ್ಯವಾಗಿ ಬೀಟಾ-ಕೇಸೀನಿನ ಚೂರುಗಳಿಂದ, ಚೀಸು ಕಹಿಯಾಗಬಹುದು. ಸ್ವಲ್ಪ ಕಾಲದಲ್ಲೇ ತಿಂದು ಮುಗಿಸುವ ಚೀಸುಗಳಲ್ಲಿ ಇದು ಗಮನಕ್ಕೆ ಬರುವುದಿಲ್ಲ. ವರ್ಷವಿಟ್ಟು ಹಣ್ಣಾಗಿಸುವ ಚೆಡ್ಡಾರಿನಲ್ಲಿ ಎದ್ದು ಕಾಣುತ್ತದೆ.

ಶಾಖ ಸಹಿಷ್ಣುತೆ. ಚೀಸಿಗೆ ಹಾಕಿದ ಕಿಣ್ವದ ಬಹುಪಾಲು ವ್ಹೇಗೆ ಹೋಗುತ್ತದೆ. ವ್ಹೇ ಈಗ ಚೆಲ್ಲುವ ವಸ್ತುವಲ್ಲ. ಒಣಗಿಸಿ ಪುಡಿ ಮಾಡಿ ಶಿಶು ಆಹಾರ, ಐಸ್‌ಕ್ರೀಮು, ಬಿಸ್ಕತ್ತುಗಳಿಗೆ ಬೆರೆಸುತ್ತಾರೆ. ಅದರಲ್ಲಿ ಕಿಣ್ವ ಬದುಕಿದ್ದರೆ ಮುಂದೆ ಬೆರೆಯುವ ಹಾಲನ್ನೂ ಕೆಡಿಸುತ್ತದೆ. ಮೀಹೈಯ ಮೂಲರೂಪದ ಕಿಣ್ವ ಪಾಶ್ಚರೀಕರಣವನ್ನೂ ತಾಳಿಕೊಳ್ಳುತ್ತಿದ್ದುದು ಮೊದಮೊದಲು ದೊಡ್ಡ ತೊಡಕಾಗಿತ್ತು. ಹೈಡ್ರೋಜನ್ ಪೆರಾಕ್ಸೈಡಿನಿಂದ ಕಿಣ್ವದ ಮೆಥಿಯೊನಿನ್ ಅಮೈನೊ ಆಮ್ಲಗಳನ್ನು ಉತ್ಕರ್ಷಿಸಿದರೆ ಈ ತಾಳಿಕೆ ಕುಸಿಯುತ್ತದೆಂದು ತಿಳಿದ ಮೇಲೆ ಪರಿಹಾರ ಸಿಕ್ಕಿತು. ಈಗ ಮೂಲರೂಪವನ್ನು ಎಲ್ ಎಂದೂ, ಶಾಖಕ್ಕೆ ಬೇಗ ಸಾಯುವ ಮಾರ್ಪಡಿಸಿದ ರೂಪಗಳನ್ನು ಟಿಎಲ್, ಎಕ್ಸ್ಎಲ್ ಎಂದೂ ಗುರುತಿಸುವುದು ವಾಡಿಕೆ. ಪ್ಯಾರಸಿಟಿಕಾ ಕಿಣ್ವ ಇದಕ್ಕೆ ತೀರ ವಿರುದ್ಧ. ಶಾಖಕ್ಕೆ ಬಹಳ ಬೇಗ ಸೋಲುತ್ತದೆ. ಆದ್ದರಿಂದಲೇ ಗರಣೆಯನ್ನು 50 ಡಿಗ್ರಿಯ ಆಚೆ ಬೇಯಿಸುವ ಎಮೆಂಟಾಲ್ ಬಗೆಯ ಸ್ವಿಸ್ ಚೀಸಿಗೆ ಅದು ಒಗ್ಗಿತು. ಗರಣೆ ಕಟ್ಟಿದ ಮೇಲೆ ಬೇಯಿಸುವ ಶಾಖಕ್ಕೇ ಕಿಣ್ವ ನಿಷ್ಕ್ರಿಯವಾಗಿ ಕಹಿಯ ಭಯ ತಪ್ಪುತ್ತದೆ.

ಆಮ್ಲತೆ ಮತ್ತು ಕ್ಯಾಲ್ಸಿಯಂ. ತಾಜಾ ಹಾಲಿನ ಪಿಎಚ್ ಸುಮಾರು 6.6ರಿಂದ 6.7. ಅದು ಕೆಳಗಿಳಿದಂತೆ ಎಲ್ಲ ಗರಣೆ ಕಿಣ್ವಗಳೂ ಚುರುಕಾಗುತ್ತವೆ. ಆದರೆ ಕೈಮೋಸಿನ್ನಿನ ವೇಗ ಏರಿಳಿಯುವಷ್ಟು ಶಿಲೀಂಧ್ರ ಕಿಣ್ವಗಳದ್ದು ಏರಿಳಿಯುವುದಿಲ್ಲ. ಗರಣೆಯಲ್ಲಿ ಉಳಿಯುವ ಕಿಣ್ವದ ಪ್ರಮಾಣವೂ ಹಾಗೆಯೇ. ಹಾಲು ಹುಳಿಯಾಗಿದ್ದಷ್ಟೂ ಕೈಮೋಸಿನ್ ಹೆಚ್ಚಾಗಿ ಗರಣೆಯಲ್ಲಿ ನಿಲ್ಲುತ್ತದೆ, ರೈಜೋಮ್ಯೂಕರ್ ಕಿಣ್ವಗಳ ಮೇಲೆ ಹುಳಿಯ ಪ್ರಭಾವ ಕಡಿಮೆ. ಪುಸಿಲಸ್ ಕಿಣ್ವ ಹಾಲಿನ ಕ್ಯಾಲ್ಸಿಯಂ ಏರಿಳಿತಕ್ಕೆ ಹೆಚ್ಚು ಸ್ಪಂದಿಸುತ್ತದೆ.

ಜೊತೆಗಿರುವ ಕಿಣ್ವಗಳು. ಬೂಸ್ಟು ಒಂದೇ ಕಿಣ್ವವನ್ನು ಬಿಡುವುದಿಲ್ಲ. ಶುದ್ಧಿ ಸಾಲದಿದ್ದರೆ ಕೊಬ್ಬನ್ನು ಒಡೆಯುವ ಲೈಪೇಸ್ ಉಳಿದು ಚೀಸಿಗೆ ಕಮಟು ವಾಸನೆ ಬರುತ್ತದೆ. ಪಿಷ್ಟ ಒಡೆಯುವ ಅಮೈಲೇಸ್ ಉಳಿದರೆ ವ್ಹೇಯನ್ನು ಪಿಷ್ಟವಿರುವ ತಿನಿಸುಗಳಿಗೆ ಬಳಸುವಾಗ ತೊಂದರೆ. ಉತ್ತಮ ದರ್ಜೆಯ ಕಿಣ್ವಗಳನ್ನು ಕ್ರೊಮಟೋಗ್ರಫಿಯಿಂದ ಶುದ್ಧಗೊಳಿಸುತ್ತಾರೆ.

ಬಲದ ಅಳತೆ. 35 ಡಿಗ್ರಿಯಲ್ಲಿ 40 ನಿಮಿಷದೊಳಗೆ ಒಂದು ಪಾಲು ಕಿಣ್ವ ಎಷ್ಟು ಪಾಲು ಹಾಲನ್ನು ಗಟ್ಟಿ ಮಾಡುತ್ತದೆ ಎಂಬ ಸಾಕ್ಸ್‌ಲೆಟ್ ಅಳತೆ ಹಳೆಯದು. ಈಗ ಕರುವಿನ ರೆನೆಟ್ಟಿಗೆ ಐಎಸ್ಒ 11815, ಸೂಕ್ಷ್ಮಜೀವಿ ಕಿಣ್ವಗಳಿಗೆ ಐಎಸ್ಒ 15174 ಎಂಬ ಪ್ರತ್ಯೇಕ ಅಂತರರಾಷ್ಟ್ರೀಯ ಮಾನಕಗಳಿವೆ. ಪಿಎಚ್ ಬದಲಾದಾಗ ಇವೆರಡರ ವೇಗ ಒಂದೇ ರೀತಿ ಬದಲಾಗದ್ದರಿಂದ ಒಂದೇ ಕೋಲಿನಿಂದ ಎರಡನ್ನೂ ಅಳೆಯುವುದು ಸರಿಹೋಗದು.

ತಯಾರಿಕೆ ಮತ್ತು ಮೈಸೂರಿನ ಸಂಶೋಧನೆ

ಕಿಣ್ವ ತಯಾರಿಕೆಗೆ ಎರಡು ವಿಧಾನಗಳಿವೆ. ಒಂದರಲ್ಲಿ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಪೋಷಕ ದ್ರವ ತುಂಬಿ, ಗಾಳಿ ಊದುತ್ತ ಬೂಸ್ಟನ್ನು ಮುಳುಗಿಸಿ ಬೆಳೆಸುತ್ತಾರೆ. ಮೀಹೈ ಮತ್ತು ಪ್ಯಾರಸಿಟಿಕಾಗಳಿಗೆ ಇದೇ ರೂಢಿ. ಇನ್ನೊಂದು ಘನ ಹುದುಗುವಿಕೆ. ಇದರಲ್ಲಿ ತೇವ ಮಾಡಿದ ಗೋಧಿ ಬೂಸಾವನ್ನು ಹಬೆಯಲ್ಲಿ ಬೇಯಿಸಿ, ತಟ್ಟೆಗಳಲ್ಲಿ ಹರಡಿ, ಅದರ ಮೇಲೆ ಬೂಸ್ಟು ಬೆಳೆಸುತ್ತಾರೆ. ಪುಸಿಲಸ್ ಕಿಣ್ವ ಜಪಾನಿನಲ್ಲಿ ಹೀಗೆ ತಯಾರಾಯಿತು.

ಕರ್ನಾಟಕದಲ್ಲಿ ಈ ವಿಷಯದಲ್ಲಿ ಹೆಚ್ಚು ಕೆಲಸ ನಡೆದಿರುವುದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಬಿ. ಕೆ. ಲೋನ್ಸಾನೆ ಮೊದಲಾದವರು 1980ರ ದಶಕದಲ್ಲಿ ಘನ ಹುದುಗುವಿಕೆಯ ತಂತ್ರಜ್ಞಾನವನ್ನು ಬೆಳೆಸಿದರು. ಅದೇ ಸಂಸ್ಥೆಯ ಎಂ. ಎಸ್. ಠಾಕೂರ್, ಎನ್. ಜಿ. ಕಾರಂತ ಮತ್ತು ಕೃಷ್ಣ ನಂದ್ ಮೀಹೈ ಬೂಸ್ಟನ್ನು ಘನ ಹುದುಗುವಿಕೆಯಿಂದ ಬೆಳೆಸಿ ರೆನೆಟ್ ಪಡೆದ ವಿಧಾನವನ್ನು 1990ರಲ್ಲಿ ಪ್ರಕಟಿಸಿದರು. ಬೂಸ್ಟು ಹಿಡಿದ ಬೂಸಾದಿಂದ ಕಿಣ್ವವನ್ನು ನೀರಿನಲ್ಲಿ ಇಳಿಸಿ ಬೇರ್ಪಡಿಸುವ ನಂತರದ ಹಂತಗಳ ಬಗ್ಗೆಯೂ 1993ರಲ್ಲಿ ಬರೆದರು. ಈ ವಿಧಾನದ ಲಾಭ ಕಡಿಮೆ ನೀರು ಮತ್ತು ಸರಳ ಸಲಕರಣೆ. ಬೂಸಾದ ಹಾಸಿನೊಳಗೆ ಬೂಸ್ಟಿನ ಉಸಿರಾಟದ ಶಾಖ ಕೂಡಿಕೊಳ್ಳುವುದು ಅದರ ದೊಡ್ಡ ತೊಡಕು. ಹಾಸು ದಪ್ಪವಾದಷ್ಟೂ ಒಳಗೆ ಬಿಸಿಯೇರಿ, ತೇವ ಹಾರಿ ಇಳುವರಿ ಕುಸಿಯುತ್ತದೆ.

ಅಲ್ಲಿಯೇ ಕೆ. ಎಸ್. ವಿಶ್ವನಾಥ, ಎ. ಜಿ. ಅಪ್ಪುರಾವ್ ಮತ್ತು ಶ್ರೀದೇವಿ ಅನ್ನಪೂರ್ಣಾ ಸಿಂಗ್ 16 ಶಿಲೀಂಧ್ರ ತಳಿಗಳನ್ನು ಪರೀಕ್ಷಿಸಿ, ಎಂಟಿಸಿಸಿ 5341 ಎಂಬ ಸಂಖ್ಯೆಯ ಆಸ್ಪರ್ಜಿಲಸ್ ಒರೈಜೆ ತಳಿ ಹಾಲನ್ನು ಎಲ್ಲಕ್ಕಿಂತ ಚೆನ್ನಾಗಿ ಗಟ್ಟಿ ಮಾಡುತ್ತದೆಂದು ಕಂಡುಕೊಂಡರು. ಗೋಧಿ ಬೂಸಾಕ್ಕೆ ಎಣ್ಣೆ ತೆಗೆದ ಸೋಯಾ ಹಿಂಡಿ ಶೇ. 4, ಕೆನೆ ತೆಗೆದ ಹಾಲಿನ ಪುಡಿ ಶೇ. 2 ಬೆರೆಸಿದಾಗ ಇಳುವರಿ ಉತ್ತಮವಾಗಿತ್ತು. 2010ರ ಸುಮಾರಿಗೆ ಪ್ರಕಟವಾದ ಈ ಕೆಲಸದ ತಳಿ, ಸೋಯಾ ಸಾಸ್ ತಯಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಜಾತಿಗೆ ಸೇರಿದ್ದು.

ಕರುವಿನ ಕಿಣ್ವ, ಬೂಸ್ಟಿನ ಕಾರ್ಖಾನೆ

ಮಾರುಕಟ್ಟೆಯಲ್ಲಿ ಶಿಲೀಂಧ್ರದ ಹೆಸರು ಹೊತ್ತ ಇನ್ನೊಂದು ವಸ್ತುವಿದೆ. ಎರಡನ್ನೂ ಒಂದೆಂದು ತಿಳಿಯಬಾರದು. ಟೋಕಿಯೊದ ತೆರುಹಿಕೊ ಬೆಪ್ಪು ಅವರ ತಂಡ 1980ರ ದಶಕದ ಮೊದಲಲ್ಲಿ ಕರುವಿನ ಪ್ರೊಕೈಮೋಸಿನ್ ವಂಶವಾಹಿಯನ್ನು ತದ್ರೂಪು ಮಾಡಿದವರಲ್ಲಿ ಮೊದಲಿಗರು. ಆ ವಂಶವಾಹಿಯನ್ನು ಸೂಕ್ಷ್ಮಜೀವಿಯೊಳಗೆ ಇಟ್ಟು ತಯಾರಿಸಿದ ಕೈಮೋಸಿನ್ನಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲ ಆಶ್ರಯಜೀವಿ ಇ. ಕೋಲೈ ಬ್ಯಾಕ್ಟೀರಿಯ, ಬಳಿಕ ಕ್ಲೈವೆರೊಮೈಸಿಸ್ ಲ್ಯಾಕ್ಟಿಸ್ ಯೀಸ್ಟು ಮತ್ತು ಆಸ್ಪರ್ಜಿಲಸ್ ನೈಗರ್ ಬೂಸ್ಟು ಬಂದವು. ಇದರಲ್ಲಿ ಬೂಸ್ಟು ಬರೀ ಕಾರ್ಖಾನೆ, ಕಿಣ್ವ ಕರುವಿನದೇ. 2006ರಲ್ಲಿ ವರ್ಣಿಸಿದ ಒಂಟೆಯ ಕೈಮೋಸಿನ್ ಆಕಳ ಹಾಲನ್ನು ಕರುವಿನ ಕೈಮೋಸಿನ್ನಿಗಿಂತ ಚೆನ್ನಾಗಿ ಗಟ್ಟಿ ಮಾಡುತ್ತದೆ, ಕೆದಕುವುದು ಮಾತ್ರ ಇನ್ನೂ ಕಡಿಮೆ. ಅದೂ ಆಸ್ಪರ್ಜಿಲಸಿನಲ್ಲಿ ತಯಾರಾಗುತ್ತದೆ. ಮೀಹೈ ಕಿಣ್ವದ ವಂಶವಾಹಿಯನ್ನು ಆಸ್ಪರ್ಜಿಲಸ್ ಒರೈಜೆಯಲ್ಲಿ ಇಟ್ಟು ಹೆಚ್ಚು ಇಳುವರಿ ಪಡೆದುದು 1988ರಲ್ಲಿ ಪ್ರಕಟವಾಯಿತು; ಆ ಸಂದರ್ಭದಲ್ಲಿ ಕಿಣ್ವವೂ ಕಾರ್ಖಾನೆಯೂ ಶಿಲೀಂಧ್ರದವೇ.

ವಿಜಯಪುರ ಭಾಗದ ಹಾಲು

ವಿಜಯಪುರ ನಗರದಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಸಹಕಾರಿ ಹಾಲು ಒಕ್ಕೂಟದ ಕೇಂದ್ರವಿದೆ. ಅದು ಕರ್ನಾಟಕ ಹಾಲು ಮಹಾಮಂಡಳದ ಅಂಗ. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರ ದ್ರಾಕ್ಷಿ, ಒಣದ್ರಾಕ್ಷಿಗಳಿಗೆ ಹೆಸರಾದವು. ಹೊಲದ ಜೊತೆ ಹೈನು ಅಲ್ಲಿನ ಒಕ್ಕಲುತನದ ಭಾಗ. ನೆರೆಯ ಸೊಲ್ಲಾಪುರ ಸೀಮೆಯ ಪಂಢರಾಪುರಿ ಎಮ್ಮೆ ಈ ಕಡೆಯೂ ಪರಿಚಿತ.

ಎಮ್ಮೆಯ ಹಾಲು ಗರಣೆ ಕಿಣ್ವಗಳಿಗೆ ಆಕಳ ಹಾಲಿನಂತೆ ವರ್ತಿಸುವುದಿಲ್ಲ. ಅದರಲ್ಲಿ ಕೊಬ್ಬು, ಕೇಸೀನ್, ಕ್ಯಾಲ್ಸಿಯಂ ಮೂರೂ ಹೆಚ್ಚು; ಮಿಸೆಲ್ ಕಣಗಳೂ ದೊಡ್ಡವು. ಅದೇ ಪ್ರಮಾಣದ ಕಿಣ್ವಕ್ಕೆ ಎಮ್ಮೆ ಹಾಲು ಬೇಗ ಕಟ್ಟುತ್ತದೆ, ಗರಣೆ ಬಿಗಿಯಾಗಿರುತ್ತದೆ. ಎಳೆಯೆಳೆಯಾಗಿ ಹಿಗ್ಗುವ ಮೊಜರೆಲ್ಲಾಗೆ ಈ ಗುಣ ಅನುಕೂಲ. ಚೆಡ್ಡಾರಿನಂಥ ಚೀಸು ಮಾತ್ರ ಗಡುಸಾಗಿ, ಒಣಕಲಾಗಿ, ಹಣ್ಣಾಗಲು ಹೆಚ್ಚು ಕಾಲ ಹಿಡಿಯುತ್ತದೆ. ಆಕಳ ಹಾಲಿನಲ್ಲಿ ದೋಷವೆನಿಸುವ ಶಿಲೀಂಧ್ರ ಕಿಣ್ವದ ಹೆಚ್ಚುವರಿ ಕತ್ತರಿಕೆ, ಹಿತಮಿತವಾಗಿದ್ದರೆ, ಇಲ್ಲಿ ಗಡುಸುತನ ತಗ್ಗಿಸಲು ನೆರವಾಗಬಹುದು.

ಬಿಸಿಲು ಇನ್ನೊಂದು ಅಂಶ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಕರೆದ ಹಾಲನ್ನು ಬೇಗ ತಂಪು ಮಾಡದಿದ್ದರೆ ಪಿಎಚ್ ಸ್ವಲ್ಪ ಜಾರಿಬಿಡುತ್ತದೆ. ಅಂಥ ಹಾಲಿನಲ್ಲಿ ಗರಣೆ ಕಟ್ಟುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ. ಪಿಎಚ್ ಏರಿಳಿತಕ್ಕೆ ಅಷ್ಟಾಗಿ ಬಗ್ಗದ ರೈಜೋಮ್ಯೂಕರ್ ಕಿಣ್ವಗಳಲ್ಲಿ ಈ ವ್ಯತ್ಯಾಸ ಕಡಿಮೆ. ಕಿಣ್ವದ ದ್ರವವನ್ನೂ ತಂಪಿನಲ್ಲಿಯೇ ಇಡಬೇಕು. ಕ್ಲೋರಿನ್ ಬೆರೆತ ನಳದ ನೀರಿನಲ್ಲಿ ತಿಳಿ ಮಾಡಿದರೆ ಕಿಣ್ವದ ಬಲ ಕುಗ್ಗುತ್ತದೆ.

ನಿಯಮ ಮತ್ತು ಸುರಕ್ಷತೆ

ಭಾರತದಲ್ಲಿ ಶಿಲೀಂಧ್ರ ಕಿಣ್ವಗಳ ಮಹತ್ವ ಬೆಲೆಯಿಂದ ಮಾತ್ರ ಬಂದದ್ದಲ್ಲ. ಹಾಲನ್ನು ಶಾಕಾಹಾರವೆಂದು ತಿಳಿಯುವವರಿಗೆ ಕರುವಿನ ಹೊಟ್ಟೆಯ ರಸ ಸೇರಿದ ಚೀಸು ಒಪ್ಪಿತವಲ್ಲ. ಲಿಂಗಾಯತ, ಜೈನ, ಬ್ರಾಹ್ಮಣ ಮನೆತನಗಳಿರುವ ವಿಜಯಪುರದಂಥ ಜಿಲ್ಲೆಯಲ್ಲಿ ಹಸಿರು ಚುಕ್ಕೆ ಇಲ್ಲದ ಚೀಸಿಗೆ ಗಿರಾಕಿ ಸಿಗುವುದು ಕಷ್ಟ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳು ಚೀಸಿನ ವ್ಯಾಖ್ಯೆಯಲ್ಲೇ ಪ್ರಾಣಿಮೂಲದ್ದಲ್ಲದ ರೆನೆಟ್ ಅಥವಾ ಬೇರೆ ತಕ್ಕ ವಸ್ತುವಿನಿಂದ ಹಾಲು ಗಟ್ಟಿಯಾಗಿರಬೇಕೆಂದು ಹೇಳುತ್ತವೆ. ಇದಕ್ಕೆ ವಿರುದ್ಧವಾಗಿ ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಕರುವಿನ ರೆನೆಟ್ಟೇ ಕಡ್ಡಾಯ.

2021ರಲ್ಲಿ ಕೋವಿಡ್ ಜೊತೆ ಹಬ್ಬಿದ ಕಪ್ಪು ಶಿಲೀಂಧ್ರ ರೋಗ ರೈಜೋಮ್ಯೂಕರ್ ಸೇರಿರುವ ಮ್ಯೂಕರೇಲ್ಸ್ ಗಣದ ಬೂಸ್ಟುಗಳಿಂದಲೇ ಬರುವಂಥದ್ದು. ಪುಸಿಲಸ್ ಕೂಡ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅಪರೂಪಕ್ಕೆ ಸೋಂಕು ತರಬಲ್ಲದು. ಆದರೆ ಚೀಸಿಗೆ ಸೇರುವುದು ಜೀವಂತ ಬೂಸ್ಟಲ್ಲ, ಸೋಸಿ ಶುದ್ಧ ಮಾಡಿದ ಕಿಣ್ವ. ಜೀವಂತ ಕೋಶ, ಬೂಸ್ಟಿನ ವಿಷ, ಪ್ರತಿಜೀವಕ ಗುಣ ಇವು ಯಾವುವೂ ಉಳಿದಿರಬಾರದೆಂಬುದು ಆಹಾರ ದರ್ಜೆಯ ಕಿಣ್ವಕ್ಕೆ ಇರುವ ಷರತ್ತು. ಅಮೆರಿಕದ ಆಹಾರ ನಿಯಮಾವಳಿ ಮೀಹೈ, ಪುಸಿಲಸ್, ಪ್ಯಾರಸಿಟಿಕಾ ಮೂರರ ಕಿಣ್ವಗಳಿಗೂ ಅನುಮತಿ ಕೊಟ್ಟಿದೆ.

ಈಗಿನ ಸ್ಥಾನ

ಶಿಲೀಂಧ್ರ ಕಿಣ್ವಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಮೀಹೈಯದು. ಬೆಲೆ ಕಡಿಮೆ, ಶಾಕಾಹಾರಿ ಎಂಬ ಗುರುತು, ವಂಶವಾಹಿ ಮಾರ್ಪಾಡಿಲ್ಲದೆಯೂ ತಯಾರಿಸಬಹುದಾದ ಅನುಕೂಲ ಇವು ಅದರ ಬಲ. ನಿರ್ದಿಷ್ಟತೆಯಲ್ಲಿ ಮಾತ್ರ ಕೈಮೋಸಿನ್ ಇನ್ನೂ ಮುಂದಿದೆ. ಹಾಲು ದುಬಾರಿಯಾಗಿ ಚೀಸು ದೀರ್ಘಕಾಲ ಹಣ್ಣಾಗಬೇಕಾದಲ್ಲಿ, ಇಳುವರಿಯ ಅಲ್ಪ ವ್ಯತ್ಯಾಸವೂ ಕಿಣ್ವದ ಬೆಲೆಯನ್ನು ಮೀರಿಸುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳೊಳಗೆ ತಯಾರಿಸಿದ ಕೈಮೋಸಿನ್ ಲಾಭಕರ. ಪಿಜ್ಜಾಕ್ಕೆ ಹೋಗುವ ಮೊಜರೆಲ್ಲಾ, ಕರಗಿಸಿ ಮಾಡುವ ಸಂಸ್ಕರಿತ ಚೀಸು, ಬೇಗ ಮಾರಾಟವಾಗುವ ಎಳೆ ಚೀಸುಗಳಿಗೆ ಶಾಖಕ್ಕೆ ಬೇಗ ಸಾಯುವ ಮೀಹೈ ಕಿಣ್ವ ಸಾಕು. ಎಮೆಂಟಾಲಿನಂತೆ ಬೇಯಿಸುವ ಚೀಸಿಗೆ ಪ್ಯಾರಸಿಟಿಕಾ ಒಗ್ಗುತ್ತದೆ. ಯಾವ ಕಿಣ್ವವೆಂಬುದನ್ನು ತೀರ್ಮಾನಿಸುವಾಗ ಅದು ಹಾಲನ್ನು ಎಷ್ಟು ಬೇಗ ಕಟ್ಟುತ್ತದೆ ಎಂಬುದಕ್ಕಿಂತ, ಕಟ್ಟಿದ ಮೇಲೆ ಚೀಸಿನಲ್ಲೂ ವ್ಹೇಯಲ್ಲೂ ಎಷ್ಟು ಕಾಲ ಕೆಲಸ ಮುಂದುವರಿಸುತ್ತದೆ ಎಂಬುದನ್ನೇ ಮೊದಲು ನೋಡಬೇಕಾಗುತ್ತದೆ.